ಹಳೆಯ ಬ್ಯಾಟರಿ ಎಲ್ಲಿಗೆ ಹೋಗುತ್ತದೆ?

ನಮ್ಮ ಸದಸ್ಯರಲ್ಲಿ ಯಾರ ತೋಟಕ್ಕೆ ಹೋದರೂ ಪಂಪ್‌ಹೌಸಿನ ಮೂಲೆಯಲ್ಲೋ ಕೊಟ್ಟಿಗೆಯ ಮಾಡಿನಡಿಯಲ್ಲೋ ಹಳೆಯ ಲೋಹದ ಒಂದು ರಾಶಿ ಇದ್ದೇ ಇರುತ್ತದೆ. ಜೀಪಿನ ಸತ್ತ ಬ್ಯಾಟರಿ, ಸುಟ್ಟ ಮೋಟಾರಿನ ತಾಮ್ರದ ತಂತಿ, ಸೋಲಾರ್ ಬೇಲಿಯ ಪೆಟ್ಟಿಗೆ, ಸಿಡಿಲು ಬಡಿದ ಟಿ.ವಿ., ಮಗ ಬೆಂಗಳೂರಿನಿಂದ ತಂದುಕೊಟ್ಟು ಎರಡೇ ವರ್ಷಕ್ಕೆ ಮೂಲೆ ಸೇರಿದ ಮೊಬೈಲು. ಮಳೆಗಾಲ ಕಳೆದು ಮಣ್ಣು ರಸ್ತೆ ಗಟ್ಟಿಯಾದೊಡನೆ ಗುಜರಿಯವನ ಗಾಡಿ ಬರುತ್ತದೆ. ತೂಕವಾಗುತ್ತದೆ, ಚೌಕಾಶಿಯಾಗುತ್ತದೆ, ಕೈಗೆ ನಗದು ಬರುತ್ತದೆ. ಮೂಲೆ ಖಾಲಿಯಾಯಿತೆಂದು ಮನೆಯವರಿಗೂ ಸಮಾಧಾನ. ಅಲ್ಲಿಂದ ಮುಂದೆ ಆ ಸರಕು ಏನಾಯಿತೆಂದು ಕೇಳುವವರು ಕಡಿಮೆ.

ಈ ಸಂಚಿಕೆಯಲ್ಲಿ ಅಡಿಕೆ, ಕಾಫಿ ಧಾರಣೆಯ ಮಾತನ್ನು ಸ್ವಲ್ಪ ಬದಿಗಿಟ್ಟು ಆ ಪ್ರಶ್ನೆಯನ್ನೇ ಕೇಳಬೇಕೆಂದಿದ್ದೇನೆ. ಕಾರಣವಿದೆ. ಸದಸ್ಯರ ಹಳೆಯ ಬ್ಯಾಟರಿಗಳನ್ನು ಸಂಘದ ಗೋದಾಮಿನಲ್ಲಿ ಒಟ್ಟುಮಾಡಿ ಒಂದೇ ಲಾಟಾಗಿ ಮಾರಬಹುದೇ ಎಂಬ ಸಲಹೆ ಆಡಳಿತ ಮಂಡಳಿಯ ಮುಂದೆ ಬಂದಿದೆ. ಬರಲಿರುವ ಮಹಾಸಭೆಯಲ್ಲಿ ಅದು ಚರ್ಚೆಯಾಗಬೇಕು. "ಗುಜರಿಯವನು ಹೆಚ್ಚು ಕೊಡುತ್ತಾನಲ್ಲ, ಸಂಘಕ್ಕೇಕೆ ಈ ಉಸಾಬರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳಬೇಕಾದರೆ ಮಾತ್ರ ಸ್ವಲ್ಪ ದೂರ ಹೋಗಿಬರಬೇಕು. ಬೆಂಗಳೂರಿನ ಪಶ್ಚಿಮದ ಬಡಾವಣೆಗಳವರೆಗೆ, ಅಲ್ಲಿಂದ ಬೆಲ್ಜಿಯಂ ದೇಶದ ಒಂದು ಕುಲುಮೆಯವರೆಗೆ.

ಲೋಹ ಕೊಳೆಯುವುದಿಲ್ಲ

ತೋಟಗಾರನಿಗೆ ಕೊಳೆಯುವ ವಸ್ತುವಿನ ಪರಿಚಯ ಚೆನ್ನಾಗಿದೆ. ಸೋಗೆ, ದರಗು, ಅಡಿಕೆ ಸಿಪ್ಪೆ, ಕಾಫಿಯ ಹೊಟ್ಟು ಎಲ್ಲವೂ ಕೊಳೆತು ಗೊಬ್ಬರವಾಗುತ್ತವೆ. ಲೋಹ ಹಾಗಲ್ಲ. ಒಮ್ಮೆ ಮಣ್ಣಿಗೆ ಸೇರಿತೆಂದರೆ ರೂಪ ಬದಲಿಸಬಹುದು, ಸ್ಥಳ ಬದಲಿಸಬಹುದು, ಇಲ್ಲವಾಗುವುದಿಲ್ಲ.

ಇದಕ್ಕೆ ದೃಷ್ಟಾಂತ ನಮ್ಮ ಅಂಗಳದಲ್ಲೇ ಇದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸಮಾಡಿ, ಬೋರ್ಡೋ ದ್ರಾವಣ ಸಿಂಪಡಿಸಿದರೆ ಗೊನೆ ಉಳಿಯುತ್ತದೆಂದು ತೋರಿಸಿಕೊಟ್ಟರು. ನೂರು ವರ್ಷಗಳಿಗೂ ಮೀರಿ ಮೈಲುತುತ್ತ ನಮ್ಮನ್ನು ಕಾಪಾಡಿದೆ. ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಎಂಬುದು ಎಲ್ಲರಿಗೂ ಬಾಯಿಪಾಠ. ಮೈಲುತುತ್ತದ ತೂಕದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಶುದ್ಧ ತಾಮ್ರ. ಎಂದರೆ ಇನ್ನೂರು ಲೀಟರಿನ ಒಂದು ಡ್ರಮ್ಮು ಖಾಲಿಯಾದಾಗಲೆಲ್ಲ ಅರ್ಧ ಕೆ.ಜಿ.ಯಷ್ಟು ತಾಮ್ರ ತೋಟಕ್ಕೆ ಇಳಿದಿರುತ್ತದೆ. ಮಳೆಗೆ ಗೊನೆಯಿಂದ ತೊಳೆದು ಬುಡಕ್ಕೆ ಬಂದ ತಾಮ್ರ ಬಹುಪಾಲು ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ. ಬೋರ್ಡೋ ಎಂಬ ಹೆಸರು ಯಾವ ಊರಿನದೋ ಆ ಊರಿನ ಸುತ್ತಲಿನ ಫ್ರೆಂಚ್ ದ್ರಾಕ್ಷಿ ತೋಟಗಳಲ್ಲಿ ಹೀಗೆ ಕೂಡಿಕೊಂಡ ತಾಮ್ರ ಇಂದು ಅಲ್ಲಿಯವರ ಚಿಂತೆಗೆ ಕಾರಣವಾಗಿದೆ. ಸಿಂಪಡಣೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಬಿಟ್ಟರೆ ಒಂದೇ ಮಳೆಗಾಲಕ್ಕೆ ತೋಟ ಬರಿದಾದೀತು. ಲೋಹದ ಗುಣ ಅಂಥದ್ದು ಎಂದಷ್ಟೇ ತಿಳಿಸಬೇಕಾಗಿತ್ತು.

ಆ ಗುಣಕ್ಕೆ ಎರಡು ಮುಖ. ಕೊಳೆಯುವುದಿಲ್ಲವಾದ್ದರಿಂದಲೇ ಲೋಹವನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಹೊಸದು ಮಾಡಬಹುದು. ಕೊಳೆಯುವುದಿಲ್ಲವಾದ್ದರಿಂದಲೇ ಚೆಲ್ಲಿದ ವಿಷ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಕಾದಿರುತ್ತದೆ. ತಾಮ್ರವಾದರೋ ಗಿಡಕ್ಕೂ ಮನುಷ್ಯನಿಗೂ ಅಲ್ಪ ಪ್ರಮಾಣದಲ್ಲಿ ಬೇಕಾದ ವಸ್ತು. ಬ್ಯಾಟರಿಯೊಳಗಿನ ಸೀಸ ಯಾವ ಜೀವಿಗೂ ಒಂದು ಕಣದಷ್ಟೂ ಬೇಡ.

ಬ್ಯಾಟರಿಯ ಹೊಟ್ಟೆಯಲ್ಲಿ

ಸಾಮಾನ್ಯ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಉಳಿದದ್ದು ಗಂಧಕಾಮ್ಲ, ಪ್ಲಾಸ್ಟಿಕ್ ಡಬ್ಬಿ ಮತ್ತು ಫಲಕಗಳ ನಡುವಣ ತಡಿಕೆ. ಸೀಸ ಎರಡು ರೂಪದಲ್ಲಿದೆ. ಫಲಕದ ಜಾಲರಿ ಗಟ್ಟಿ ಲೋಹ. ಅದರ ಮೇಲಿನ ಲೇಪ ಸೀಸದ ಸಂಯುಕ್ತಗಳ ಹಿಟ್ಟು.

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ನಮ್ಮ ಅಡಿಕೆ ಬೇಯಿಸುವ ಒಲೆಯ ಬೆಂಕಿಯೂ ಇದಕ್ಕೆ ಸಾಕು. ಈ ಸುಲಭವೇ ಶಾಪವಾಗಿದೆ. ತಗಡಿನ ಮರೆಯ ಹಿಂದೆ ಒಂದು ಕಬ್ಬಿಣದ ಬಾಣಲೆ, ಸೌದೆ, ಒಂದು ಬೀಸಣಿಗೆ ಇದ್ದರೆ ಯಾರು ಬೇಕಾದರೂ ಸೀಸದ ಕಾರ್ಖಾನೆ ತೆರೆಯಬಹುದು. ಆದರೆ ಬಾಣಲೆಯಲ್ಲಿ ಸುಲಭವಾಗಿ ಕರಗುವುದು ಜಾಲರಿಯ ಲೋಹ ಮಾತ್ರ. ಲೇಪದಿಂದ ಸೀಸ ಬಿಡಿಸಲು ಇದ್ದಿಲು ಬೆರೆಸಿ ಸಾವಿರ ಡಿಗ್ರಿಯ ಆಸುಪಾಸಿನ ಶಾಖ ಕೊಡಬೇಕು. ಹಿತ್ತಿಲ ಕುಲುಮೆಯಲ್ಲಿ ಅದು ಅರೆಬರೆ ನಡೆಯುತ್ತದೆ. ಬಿಡದೆ ಉಳಿದ ಸೀಸ ಕಿಟ್ಟದೊಂದಿಗೆ ಹೊರಗೆ ಬೀಳುತ್ತದೆ, ಇನ್ನಷ್ಟು ಹೊಗೆಯಲ್ಲಿ ಧೂಳಾಗಿ ಹಾರಿ ಸುತ್ತಲಿನ ಮನೆಗಳ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ, ಮಕ್ಕಳು ಆಡುವ ಮಣ್ಣಿನ ಮೇಲೆ ಕೂರುತ್ತದೆ. ಲೇಪದಲ್ಲಿನ ಗಂಧಕ ಹೊಗೆಯ ಜೊತೆ ಕಣ್ಣು, ಗಂಟಲು ಉರಿಸುತ್ತ ಹೋಗುತ್ತದೆ.

ಇನ್ನು ಆಸಿಡ್ಡಿನ ಕಥೆ. ಗುಜರಿ ವ್ಯಾಪಾರದಲ್ಲಿ ಆಸಿಡ್ಡಿನ ತೂಕಕ್ಕೆ ಬೆಲೆಯಿಲ್ಲ; ಹಾಗಾಗಿ ತೂಗುವ ಮೊದಲೇ ಚೆಲ್ಲುವ ರೂಢಿ. ನಮ್ಮ ಊರಿನ ಒಂದು ತೋಟದಲ್ಲಿ ಕೊಂಡವನು ಬ್ಯಾಟರಿಗಳನ್ನು ಬೋರಲು ಹಾಕಿ ಬಸಿಗಾಲುವೆಯ ಬಾಯಿಗೆ ಹರಿಸಿ ಹೋಗಿದ್ದ. ಹುಲ್ಲು ಸುಟ್ಟ ಜಾಗ ಕಣ್ಣಿಗೆ ಕಂಡಿತು. ಆಮ್ಲವನ್ನು ಸುಣ್ಣ ಹಾಕಿ ತಣಿಸಬಹುದು, ಹುಲ್ಲು ಮತ್ತೆ ಬಂದೀತು. ಆಸಿಡ್ಡಿನ ಜೊತೆ ಇಳಿದ ಸೀಸ ಕಣ್ಣಿಗೆ ಕಾಣುವುದಿಲ್ಲ, ಅದು ಹೋಗುವುದೂ ಇಲ್ಲ. ದನ ಸಾಕಿದವರು ಇನ್ನೊಂದನ್ನು ಗಮನಿಸಬೇಕು. ಒಡೆದ ಬ್ಯಾಟರಿಯನ್ನು ದನಕರುಗಳು ನೆಕ್ಕುತ್ತವೆ. ಹಾಗೆ ನೆಕ್ಕಿ ಕುರುಡಾಗಿ, ತಲೆ ಗೋಡೆಗೊತ್ತಿ ನಿಂತು ಸಾಯುವ ದನಗಳ ಪ್ರಕರಣಗಳು ಪಶುವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಹಳೆಯ ಸಂಗತಿ.

ಮನುಷ್ಯರಲ್ಲಿ ಮೊದಲ ಬಲಿ ಮಕ್ಕಳು. ಸೀಸ ಎಳೆಯ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ; ಮಗುವಿಗೆ ಜ್ವರ ಬರುವುದಿಲ್ಲ, ಕೆಮ್ಮು ಬರುವುದಿಲ್ಲ, ಓದಿನಲ್ಲಿ ಹಿಂದೆ ಬೀಳುತ್ತದೆ ಅಷ್ಟೆ. ರಕ್ತದಲ್ಲಿ ಇಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ವಿಷಯದಲ್ಲಿ ದೇಶಕ್ಕೆ ಎಚ್ಚರಿಕೆಯ ಗಂಟೆ ಬಾರಿಸಿದ್ದು ಬೆಂಗಳೂರೇ ಎಂಬುದು ನಮಗೆ ಹೆಮ್ಮೆಯ ಮಾತು. 1990ರ ದಶಕದ ಕೊನೆಯಲ್ಲಿ ಇಲ್ಲಿನ ಜಾರ್ಜ್ ಪ್ರತಿಷ್ಠಾನ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಆಗಿನ ಮಿತಿಗಿಂತ ಜಾಸ್ತಿ ಸೀಸ ಸಿಕ್ಕಿತು. ಆ ಕೆಲಸದಲ್ಲಿ ಮುಂದಾಳಾಗಿದ್ದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಮುಂದೆ ಸೀಸ ವಿಷಬಾಧೆಯ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿ ನಡೆಸಿದರು. 2000ದಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸ ಹೋಯಿತು. ಬ್ಯಾಟರಿಯದು ಹೋಗಲಿಲ್ಲ. 2020ರಲ್ಲಿ ಯುನಿಸೆಫ್ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಚಿಂತಿಸಬೇಕಾದಷ್ಟು ಸೀಸವಿದೆ. ಹಳೆಯ ಬ್ಯಾಟರಿ ಕರಗಿಸುವ ಹಿತ್ತಿಲ ಕುಲುಮೆಗಳು ಅದಕ್ಕೆ ದೊಡ್ಡ ಕಾರಣಗಳಲ್ಲೊಂದು.

ವೃಷಭಾವತಿಯ ದಂಡೆ

ಮಲೆನಾಡಿನ ಗುಜರಿಯಲ್ಲಿ ಒಂದು ಪಾಲು ಬೆಂಗಳೂರು ಸೇರುತ್ತದೆ. ನಮ್ಮಲ್ಲಿ ಬಹಳ ಮಂದಿಯ ಮಕ್ಕಳು ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳಲ್ಲಿ ಮನೆ ಮಾಡಿಕೊಂಡಿರುವುದರಿಂದ ನಗರದ ಪಶ್ಚಿಮ ಭಾಗ ನಮಗೆ ಹೊಸದಲ್ಲ. ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕಾ ಉಪನಗರವಾಗಿ, ಸ್ವಾತಂತ್ರ್ಯ ಬಂದ ಹೊಸದರಲ್ಲಿ. ಆಮೇಲೆ ಪೀಣ್ಯ ಬೆಳೆಯಿತು. ಲೇತು, ಎರಕ, ಲೋಹಲೇಪನದ ಸಾವಿರಾರು ಸಣ್ಣ ಕಾರ್ಖಾನೆಗಳು. ಮೈಸೂರು ರಸ್ತೆಯ ಕಡೆ ಗೌರಿಪಾಳ್ಯ, ನಾಯಂಡಹಳ್ಳಿಗಳಲ್ಲಿ ಗುಜರಿ ಬಿಡಿಸುವ ಕೆಲಸವೇ ಒಂದು ಕಸುಬು. ಸಾವಿರಾರು ಬಡ ಕುಟುಂಬಗಳ ಅನ್ನ ಅದರಲ್ಲಿದೆ. ನಗರ ಎಸೆದದ್ದನ್ನು ಹೆಕ್ಕಿ ಬೇರ್ಪಡಿಸುವ ಆ ಜನ ಇಲ್ಲದಿದ್ದರೆ ಬೆಂಗಳೂರು ಎಂದೋ ಕಸದಲ್ಲಿ ಹೂತುಹೋಗುತ್ತಿತ್ತು. ಅವರನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ.

ಆದರೆ ನೀರಿನ ಇಳಿಜಾರನ್ನು ನೋಡಿ. ಈ ಬಡಾವಣೆಗಳೆಲ್ಲದರ ನೀರು ವೃಷಭಾವತಿಗೆ. ಗಾಳಿ ಆಂಜನೇಯ ದೇವಸ್ಥಾನದ ಪಕ್ಕದಲ್ಲಿ ಹರಿದು, ನಾಯಂಡಹಳ್ಳಿ, ಕೆಂಗೇರಿ ದಾಟಿ, ಬಿಡದಿಯ ಬಳಿ ಬೈರಮಂಗಲ ಕೆರೆಗೆ ಬರುತ್ತದೆ. ಒಂದು ಕಾಲಕ್ಕೆ ಜನ ಸ್ನಾನ ಮಾಡುತ್ತಿದ್ದ ಹೊಳೆ ಈಗ ಕಪ್ಪು ನೀರು, ಬಿಳಿ ನೊರೆ. ಬೈರಮಂಗಲದ ಕೆಳಗಿನ ರೈತರಿಗೆ ಬೇರೆ ನೀರಿಲ್ಲ; ಅದೇ ನೀರಿನಲ್ಲಿ ಹಿಪ್ಪುನೇರಳೆ, ಹುಲ್ಲು, ತರಕಾರಿ ಬೆಳೆಯುತ್ತಾರೆ. ಆ ನೀರಿನಲ್ಲೂ ಮಣ್ಣಿನಲ್ಲೂ ಸೀಸ, ಕ್ರೋಮಿಯಂ, ನಿಕ್ಕಲ್ ಮೊದಲಾದ ಭಾರಲೋಹಗಳಿವೆಯೆಂದು ಹಲವು ಸಂಶೋಧಕರು ಪರೀಕ್ಷಿಸಿ ಬರೆದಿದ್ದಾರೆ. ಇದಕ್ಕೆ ಯಾರೋ ಒಬ್ಬನನ್ನು ಹೊಣೆ ಮಾಡಲಾಗದು. ಸಾವಿರ ಕೈಗಳು ಒಂದೊಂದು ಚೊಂಬು ಸುರಿದಿವೆ. ತೊಂದರೆ ಅನುಭವಿಸುತ್ತಿರುವವರು ಮಾತ್ರ ನಮ್ಮಂಥ ಸಣ್ಣ ಹಿಡುವಳಿದಾರರು. ನಮ್ಮ ತೋಟದ ಬ್ಯಾಟರಿಯ ಸೀಸ ಬೆಂಗಳೂರಿನಲ್ಲಿ ಕರಗಿ ಇನ್ನೊಬ್ಬ ರೈತನ ಗದ್ದೆಗೆ ಇಳಿಯುವುದು ಅಸಂಭವವೇನಲ್ಲ.

ಗಣಿ ಬಿಟ್ಟು ಕಸಕ್ಕೆ ಕೈಹಾಕಿದ ಕಂಪನಿ

ಈಗ ಬೆಲ್ಜಿಯಂಗೆ ಬರೋಣ. ಆ್ಯಂಟ್ವರ್ಪ್ ನಗರಕ್ಕೆ ಅಂಟಿಕೊಂಡು ಹೊಬೋಕೆನ್ ಎಂಬ ಊರಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದಲೂ ಅಲ್ಲಿ ಲೋಹ ಕರಗಿಸುವ ಕುಲುಮೆಗಳಿವೆ. ಮುಂದೆ ಅದು ಯೂನಿಯನ್ ಮಿನಿಯೇರ್ ಎಂಬ ಬಹುದೊಡ್ಡ ಕಂಪನಿಯ ಭಾಗವಾಯಿತು. 1906ರಲ್ಲಿ ಸ್ಥಾಪನೆಯಾದ ಆ ಕಂಪನಿ ಆಫ್ರಿಕದ ಕಾಂಗೋ ದೇಶದ ತಾಮ್ರದ ಗಣಿಗಳಿಂದ ಕೊಬ್ಬಿದ್ದು. 1960ರ ದಶಕದ ಕೊನೆಗೆ ಕಾಂಗೋ ಸರ್ಕಾರ ಆ ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಗಣಿಯಿಲ್ಲದ ಕುಲುಮೆ, ಗದ್ದೆಯಿಲ್ಲದ ಕಣದಂತೆ. ಬೇರೆಯವರ ಅದಿರು ಕೊಂಡು ಕರಗಿಸಿ ಬದುಕುವುದರಲ್ಲಿ ಲಾಭ ತೆಳುವಾಯಿತು. ಜೊತೆಗೆ ಮಾಲಿನ್ಯದ ಕಾಯಿದೆಗಳು ಬಿಗಿಯಾದವು.

ಆಗ ಅವರು ಅದಿರು ಬಿಟ್ಟು ಕಸ ಹಿಡಿದರು. 1990ರ ದಶಕದಲ್ಲಿ ಹೊಬೋಕೆನ್ನಿನ ಹಳೆಯ ಘಟಕಗಳನ್ನು ಬದಲಿಸಿ, 1997ರ ವೇಳೆಗೆ ಹೊಸ ಮಾದರಿಯ ಕುಲುಮೆ ಹೂಡಿದರು. 2001ರಲ್ಲಿ ಕಂಪನಿಯ ಹೆಸರೇ ಉಮಿಕೋರ್ ಎಂದಾಯಿತು. 2005ರಲ್ಲಿ ತಾಮ್ರದ ವ್ಯವಹಾರವನ್ನು, 2007ರಲ್ಲಿ ಸತುವಿನ ವ್ಯವಹಾರವನ್ನು ಕಳಚಿಕೊಂಡರು. ನೂರು ವರ್ಷ ಅನ್ನ ಹಾಕಿದ ಕಸುಬನ್ನು ಹೀಗೆ ಬಿಡುವುದು ಸಣ್ಣ ಮಾತಲ್ಲ. ಇಂದು ಹಳೆಯ ಮೊಬೈಲು, ಕಂಪ್ಯೂಟರಿನ ಹಲಗೆ, ಕಾರಿನ ಹೊಗೆ ಶುದ್ಧಿ ಮಾಡುವ ಸಾಧನ, ಬೇರೆ ಕುಲುಮೆಗಳ ಧೂಳು ಮತ್ತು ಕಿಟ್ಟ ಇವೇ ಅಲ್ಲಿನ ಅದಿರು. ವರ್ಷಕ್ಕೆ ಲಕ್ಷಗಟ್ಟಲೆ ಟನ್ ಕಸದಿಂದ ಚಿನ್ನ, ಬೆಳ್ಳಿ, ಪ್ಲಾಟಿನಂ, ತಾಮ್ರ, ಸೀಸ ಸೇರಿ ಹದಿನೇಳರಷ್ಟು ಲೋಹಗಳನ್ನು ಬಿಡಿಸುತ್ತಾರೆ.

ಕೆಲಸದ ಕ್ರಮ ಸ್ವಾರಸ್ಯವಾಗಿದೆ. ಸರ್ಕಿಟ್ ಬೋರ್ಡುಗಳನ್ನು ಕುಲುಮೆಗೆ ಹಾಕಿದರೆ ಅದರ ಪ್ಲಾಸ್ಟಿಕ್ಕೇ ಒಂದಂಶ ಉರುವಲಾಗುತ್ತದೆ. ಕರಗಿದ ತಾಮ್ರ ತಳಕ್ಕಿಳಿಯುವಾಗ ಚಿನ್ನ, ಬೆಳ್ಳಿಗಳನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಸೀಸ ಕಿಟ್ಟದೊಂದಿಗೆ ಮೇಲೆ ನಿಲ್ಲುತ್ತದೆ. ಆ ಕಿಟ್ಟ ಎಸೆಯುವ ಸರಕಲ್ಲ, ಮತ್ತೊಂದು ಕುಲುಮೆಗೆ ಕಚ್ಚಾ ಮಾಲು. ತಾಮ್ರವನ್ನು ಗಂಧಕಾಮ್ಲದಲ್ಲಿ ಕರಗಿಸಿದಾಗ ಬರುವ ನೀಲಿ ನೀರು ನಮ್ಮ ಡ್ರಮ್ಮಿನಲ್ಲಿ ಮೈಲುತುತ್ತ ನೆನೆಹಾಕಿದಾಗ ಕಾಣುವ ನೀಲಿಯೇ. ಅದರಿಂದ ವಿದ್ಯುತ್ ಹಾಯಿಸಿ ಶುದ್ಧ ತಾಮ್ರ ತೆಗೆಯುತ್ತಾರೆ. ತಳದಲ್ಲಿ ಉಳಿದ ಗಷ್ಟಿನಲ್ಲಿ ಚಿನ್ನವಿರುತ್ತದೆ. ಹೊಗೆಯನ್ನು ಸೋಸಿ ಧೂಳನ್ನು ಮತ್ತೆ ಕುಲುಮೆಗೇ ಹಾಕುತ್ತಾರೆ. ಗಂಧಕದ ಅನಿಲದಿಂದ ಗಂಧಕಾಮ್ಲ ಮಾಡಿ ಮಾರುತ್ತಾರೆ. ಹಿತ್ತಿಲ ಕುಲುಮೆ ಗಾಳಿಗೂ ಚರಂಡಿಗೂ ಬಿಡುವುದೇನಿದೆಯೋ ಅದರ ಬಹುಭಾಗ ಇಲ್ಲಿ ಲೆಕ್ಕದ ಪುಸ್ತಕಕ್ಕೆ ಬಂದಿದೆ. ಶುಚಿ ಎಂಬುದು ಅವರಿಗೆ ಧರ್ಮಕಾರ್ಯವಾಗಿ ಬರಲಿಲ್ಲ, ಅದಿರು ಕೈತಪ್ಪಿದ ಮೇಲೆ ಒಂದೊಂದು ಗ್ರಾಮನ್ನೂ ಬಿಡಬಾರದೆಂಬ ವ್ಯಾಪಾರ ಬುದ್ಧಿಯಿಂದ ಬಂತು ಎಂದು ನನ್ನ ಅಭಿಪ್ರಾಯ.

ಕಸದಲ್ಲಿ ಅಷ್ಟೊಂದು ಏನಿದೆ ಎನ್ನುವವರು ಕೋಲಾರದ ಚಿನ್ನದ ಗಣಿಯನ್ನು ನೆನೆಯಬೇಕು. 2001ರ ಫೆಬ್ರವರಿ 28ರಂದು ಅದು ಮುಚ್ಚುವ ಹೊತ್ತಿಗೆ, ಮೈಲಿಗಳ ಆಳದಿಂದ ಮೇಲೆತ್ತಿದ ಒಂದು ಟನ್ ಅದಿರಿನಲ್ಲಿ ಐದು ಗ್ರಾಂ ಚಿನ್ನವೂ ಸಿಗುತ್ತಿರಲಿಲ್ಲ. ಹಳೆಯ ಕಂಪ್ಯೂಟರುಗಳ ಒಂದು ಟನ್ ಸರ್ಕಿಟ್ ಬೋರ್ಡಿನಲ್ಲಿ ಸುಮಾರು ಇನ್ನೂರು ಗ್ರಾಂ ಚಿನ್ನವಿರುತ್ತದೆ. ಗಣಿಯವರು ಬಿಟ್ಟುಹೋದ ಸೈನೈಡ್ ದಿಬ್ಬಗಳ ಧೂಳನ್ನು ಕೆ.ಜಿ.ಎಫ್. ಜನ ಇಂದಿಗೂ ಉಸಿರಾಡುತ್ತಿದ್ದಾರೆ.

ದಾಬಸ್‌ಪೇಟೆಯ ಪ್ರಯೋಗ

ಶಿವಮೊಗ್ಗ, ತುಮಕೂರು ಮಾರ್ಗವಾಗಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವವರು ನೆಲಮಂಗಲಕ್ಕೆ ಮೊದಲು ದಾಬಸ್‌ಪೇಟೆಯನ್ನು ದಾಟುತ್ತಾರೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಡಾ. ಪಿ. ಪಾರ್ಥಸಾರಥಿ ಎಂಬುವರು 2005ರಲ್ಲಿ ಇ-ಪರಿಸರ ಎಂಬ ಸಂಸ್ಥೆ ಆರಂಭಿಸಿದರು. ಸರ್ಕಾರದ ಅನುಮತಿ ಪಡೆದು ವಿದ್ಯುನ್ಮಾನ ಕಸ ಸಂಸ್ಕರಿಸುವ ಕೆಲಸಕ್ಕೆ ದೇಶದಲ್ಲಿ ಮೊದಲಿಗರು ಅವರೇ. ಹಳೆಯ ಕಂಪ್ಯೂಟರುಗಳನ್ನು ಕೈಯಿಂದ ಬಿಚ್ಚಿ, ಕಬ್ಬಿಣ, ಪ್ಲಾಸ್ಟಿಕ್, ಗಾಜು, ತಂತಿಗಳನ್ನು ಬೇರೆ ಮಾಡಿ, ಇಲ್ಲಿ ಆಗದ ಸರ್ಕಿಟ್ ಬೋರ್ಡುಗಳನ್ನು ಹೊಬೋಕೆನ್ನಿಗೆ ಹಡಗಿನಲ್ಲಿ ಕಳುಹಿಸಿದರು.

ಅದೇ ಕಾಲದಲ್ಲಿ ಬೆಂಗಳೂರಿನ ಹಿತ್ತಿಲುಗಳಲ್ಲಿ ಆಮ್ಲ, ಸೈನೈಡ್, ಪಾದರಸ ಬಳಸಿ ಚಿನ್ನ ತೆಗೆಯುವ ಕಸುಬೂ ನಡೆದಿತ್ತು. ಸ್ವಿಟ್ಜರ್ಲೆಂಡಿನ ಎಂಪಾ ಸಂಸ್ಥೆಯವರು 2006-07ರ ಸುಮಾರಿಗೆ ಇಲ್ಲಿ ನಿಂತು ಎರಡನ್ನೂ ಅಳೆದರು. ಹಿತ್ತಿಲ ವಿಧಾನದಲ್ಲಿ ಕೈಗೆ ಬರುತ್ತಿದ್ದುದು ಒಟ್ಟು ಚಿನ್ನದ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ದೊಡ್ಡ ಕುಲುಮೆಯಲ್ಲಿ ನೂರಕ್ಕೆ ತೊಂಬತ್ತೈದರಷ್ಟು. ಎಂದರೆ ಆ ಕೆಲಸಗಾರ ತನ್ನ ಶ್ವಾಸಕೋಶ ಸುಟ್ಟುಕೊಂಡು, ಮುಕ್ಕಾಲು ಪಾಲು ಚಿನ್ನವನ್ನು ಚರಂಡಿಗೆ ಚೆಲ್ಲುತ್ತಿದ್ದ. ಬಿಡಿಸುವ ಕೆಲಸವನ್ನು ಅವನೇ ಮಾಡಿ, ಬೋರ್ಡನ್ನು ಮುಟ್ಟದೆ ದೊಡ್ಡ ಕುಲುಮೆಗೆ ಕಳುಹಿಸಿದರೆ ಅವನಿಗೇ ಹೆಚ್ಚು ಹಣ ಸಿಗುತ್ತದೆಂದು ಲೆಕ್ಕ ಹಾಕಿ ತೋರಿಸಲಾಯಿತು. ಕೈಯಿಂದ ಬಿಚ್ಚುವುದರಲ್ಲಿ ನಮ್ಮವರ ನೈಪುಣ್ಯಕ್ಕೆ ಯಾವ ಯಂತ್ರವೂ ಸಮನಲ್ಲ. ಯಂತ್ರ ಪುಡಿಮಾಡುವಾಗಲೇ ಚಿನ್ನದ ಒಂದು ಪಾಲು ಧೂಳಿನಲ್ಲಿ ಹೋಗುತ್ತದೆ.

ಇಷ್ಟಾದರೂ ಹಿತ್ತಿಲ ಕುಲುಮೆ ಆರಲಿಲ್ಲ. ಏಕೆಂಬುದನ್ನು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಕುಲುಮೆ ಕೊಳ್ಳುವುದು ಟನ್ನುಗಟ್ಟಲೆ ಲಾಟು. ಸರಕು ತಲುಪಿ, ಮಾದರಿ ತೆಗೆದು, ಪರೀಕ್ಷೆಯಾಗಿ ಹಣ ಬರುವಾಗ ತಿಂಗಳುಗಳು ಕಳೆಯುತ್ತವೆ. ರಫ್ತಿಗೆ ಕಾಗದಪತ್ರ ಬೇಕು. ಸಂಜೆಯ ಅಕ್ಕಿಗೆ ಹಣ ಬೇಕಾದವನು ಅಷ್ಟು ಕಾಯಲಾರ. ಹಿರಿಯ ಕಾಫಿ ಬೆಳೆಗಾರರಿಗೆ 1996ರವರೆಗಿದ್ದ ಪೂಲ್ ಪದ್ಧತಿ ನೆನಪಿದ್ದೀತು: ಕಾಫಿ ಮಂಡಳಿಗೆ ಬೆಳೆ ಒಪ್ಪಿಸಿ, ಮೊದಲ ಕಂತು ಪಡೆದು, ಉಳಿದ ಕಂತುಗಳಿಗೆ ಕಾದು ಕೂರುವುದು. ಅಡಿಕೆಯಲ್ಲೂ ಅಷ್ಟೆ. ಮನೆ ಬಾಗಿಲಿಗೆ ಬಂದು ನಗದು ಎಣಿಸುವ ವ್ಯಾಪಾರಿಯ ಎದುರು ನಿಲ್ಲಲಿಕ್ಕೇ 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿದವು. ಸಣ್ಣವನ ಸರಕನ್ನು ಒಟ್ಟುಮಾಡಿ, ಮುಂಗಡ ಕೊಟ್ಟು, ಒಳ್ಳೆಯ ಬೆಲೆ ಬಂದಾಗ ಮಾರುವ ಸಂಘಟನೆ ಗೌರಿಪಾಳ್ಯದವನಿಗೆ ಇರಲಿಲ್ಲ. ತಂತ್ರಜ್ಞಾನ ಬೆಲ್ಜಿಯಂನಲ್ಲಿತ್ತು, ಕೈಚಳಕ ಬೆಂಗಳೂರಿನಲ್ಲಿತ್ತು, ನಡುವೆ ಇರಬೇಕಾಗಿದ್ದ ಸೊಸೈಟಿ ಎಲ್ಲೂ ಇರಲಿಲ್ಲ.

ಅಲ್ಲಿಯೂ ಎಲ್ಲ ಸರಿಯಿಲ್ಲ

ಹೊಬೋಕೆನ್ ಎಂದರೆ ಸ್ವರ್ಗವೆಂದು ಯಾರೂ ತಿಳಿಯಬಾರದು. 1970ರ ದಶಕದಲ್ಲಿ ಆ ಕುಲುಮೆಯ ಸುತ್ತಲಿನ ಹುಲ್ಲು ಮೇಯ್ದ ಜಾನುವಾರುಗಳು ಸತ್ತವು. ಪಕ್ಕದ ಕೇರಿಯ ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿತು. ಅಂದಿನಿಂದ ಆ ಮಕ್ಕಳ ರಕ್ತವನ್ನು ನಿಯಮಿತವಾಗಿ ಪರೀಕ್ಷಿಸುತ್ತ ಬಂದಿದ್ದಾರೆ. ವರ್ಷ ವರ್ಷಕ್ಕೂ ಪ್ರಮಾಣ ಇಳಿಯಿತು. ಆದರೆ 2020ರ ಪರೀಕ್ಷೆಯಲ್ಲಿ ಮತ್ತೆ ಏರಿತು. ಕಂಪನಿ ಕೊನೆಗೆ ಗೋಡೆಗೆ ತೀರ ಹತ್ತಿರದ ಮನೆಗಳನ್ನು, ಮಾರಲು ಒಪ್ಪಿದವರಿಂದ ತಾನೇ ಕೊಂಡು ಆ ಜಾಗದಲ್ಲಿ ಹಸಿರು ಪಟ್ಟಿ ಮಾಡುವುದಾಗಿ ಹೇಳಿತು. ಗಣಿಗಿಂತ ಕಸ ಶುಚಿ, ಹಿತ್ತಿಲಿಗಿಂತ ಹೊಬೋಕೆನ್ ಶುಚಿ ಎಂಬುದು ನಿಜ. ಸೀಸ ಮಾತ್ರ ಎಲ್ಲಿದ್ದರೂ ಸೀಸವೇ. ಕೋಟ್ಯಂತರ ರೂಪಾಯಿ ಸುರಿದು, ಹೊಗೆ ಸೋಸುವ ಯಂತ್ರಗಳಿಟ್ಟು, ಮಕ್ಕಳ ರಕ್ತ ಅಳೆಯುವ ಊರಿನಲ್ಲೇ ಹೀಗಾದರೆ, ಯಾರೂ ಅಳೆಯದ ತಗಡಿನ ಮರೆಯ ಹಿಂದೆ ಏನಾಗುತ್ತಿರಬಹುದು?

ಅಳೆಯುವುದು ಮುಖ್ಯವೆಂದು ಹೇಳಿದಾಗ ನಮ್ಮಲ್ಲಿ ಕೆಲವರಿಗೆ ಪಲ್ಪರ್ ನೀರಿನ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಬಂದ ನೋಟೀಸುಗಳು ನೆನಪಾಗಿ ಮುಖ ಸಿಂಡರಿಸಬಹುದು. ಆ ನೋಟೀಸುಗಳ ಭಾಷೆ ನನಗೂ ಹಿಡಿಸುವುದಿಲ್ಲ. ಆದರೆ ಕಾಫಿ ತೊಳೆದ ನೀರಾದರೂ ಕಾಲಕ್ರಮದಲ್ಲಿ ಕೊಳೆತು ತಿಳಿಯಾಗುತ್ತದೆ.

ಸಂಘ ಏನು ಮಾಡಬಹುದು?

ಕಾನೂನು ಈಗಾಗಲೇ ಇದೆ. 2001ರ ಬ್ಯಾಟರಿ ನಿಯಮಗಳು ಹಳೆಯ ಬ್ಯಾಟರಿಯನ್ನು ಮಾರಾಟಗಾರ ವಾಪಸು ಪಡೆಯಬೇಕೆಂದೂ, ಅದು ನೋಂದಾಯಿತ ಸಂಸ್ಕರಣಾ ಘಟಕಕ್ಕೇ ಹೋಗಬೇಕೆಂದೂ ಹೇಳಿದವು. ಅವುಗಳ ಜಾಗಕ್ಕೆ 2022ರ ಆಗಸ್ಟ್ 22ರಂದು ಹೊಸ ನಿಯಮಗಳು ಬಂದು, ತಯಾರಕರ ಮೇಲೆಯೇ ಹೊಣೆ ಹೊರಿಸಿವೆ. ಲಿಥಿಯಂ ಬ್ಯಾಟರಿಗಳೂ ಅದರೊಳಗೆ ಬಂದಿವೆ. ನೋಂದಾಯಿತ ಘಟಕದಲ್ಲಿ ಬ್ಯಾಟರಿಯನ್ನು ಯಂತ್ರದಿಂದ ಒಡೆದು, ಆಸಿಡ್ಡನ್ನು ಹಿಡಿದು, ಮುಚ್ಚಿದ ಕುಲುಮೆಯಲ್ಲಿ ಕರಗಿಸಿ, ಹೊಗೆಯನ್ನು ಬಟ್ಟೆಯ ಚೀಲಗಳಲ್ಲಿ ಸೋಸಬೇಕು. ಇದಕ್ಕೆಲ್ಲ ಖರ್ಚಿದೆ. ಹಿತ್ತಿಲವನಿಗೆ ಆ ಖರ್ಚಿಲ್ಲ, ತೆರಿಗೆಯಿಲ್ಲ. ಕಡಿಮೆ ಸೀಸ ತೆಗೆದರೂ ಅವನು ನಮಗೆ ಹೆಚ್ಚು ಬೆಲೆ ಕೊಡಬಲ್ಲನೆಂಬುದರ ಗುಟ್ಟು ಇಷ್ಟೇ. ಆ ಹೆಚ್ಚಿನ ನಾಲ್ಕು ಕಾಸು ಅವನ ಜೇಬಿನಿಂದ ಬಂದದ್ದಲ್ಲ, ಅವನ ಕುಲುಮೆಯ ಪಕ್ಕದಲ್ಲಿ ಆಡುವ ಮಕ್ಕಳಿಂದ ಬಂದದ್ದು.

ಒಂದೆರಡು ಬ್ಯಾಟರಿಗೆ ನೋಂದಾಯಿತ ಘಟಕದವರು ನಮ್ಮ ಘಟ್ಟದ ರಸ್ತೆ ಹತ್ತಿ ಬರುವುದಿಲ್ಲ. ಒಂದು ಲಾರಿ ಆಗುವಷ್ಟಿದ್ದರೆ ಮಾತು ಬೇರೆ. ನೋಂದಾಯಿತ ಘಟಕವೆಂದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಖಚಿತಪಡಿಸಿಕೊಂಡು, ರಸೀದಿ ಪಡೆದು ಮಾರಬೇಕು ಎಂಬುದು ಸಲಹೆಯ ಸಾರಾಂಶ. ಗುಜರಿ ಬೆಲೆಗೂ ಆ ಬೆಲೆಗೂ ವ್ಯತ್ಯಾಸ ಬಂದರೆ ಅದನ್ನು ಸದಸ್ಯರೇ ಬಿಟ್ಟುಕೊಡಬೇಕೋ, ಸಂಘದ ಸಾಮಾನ್ಯ ನಿಧಿಯಿಂದ ತುಂಬಬೇಕೋ ಎಂಬುದನ್ನು ಮಹಾಸಭೆಯೇ ತೀರ್ಮಾನಿಸಬೇಕು. ನನ್ನ ಮಟ್ಟಿಗೆ, ಮೊದಲ ಎರಡು ವರ್ಷ ಸಂಘವೇ ತುಂಬಿಕೊಡುವುದು ಸರಿ. ಕೈಯಿಂದ ಕಳೆದುಕೊಂಡು ಯಾರೂ ಬಹುಕಾಲ ಧರ್ಮ ಮಾಡುವುದಿಲ್ಲ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟು ಬೆಲೆಯಲ್ಲಿ ವಜಾ ಪಡೆಯುವವರು ಹಾಗೆಯೇ ಮುಂದುವರಿಯಬಹುದು. ಹಳೆಯದು ಮುಂದೆ ಎಲ್ಲಿಗೆ ಹೋಗುತ್ತದೆಂದು ಅಂಗಡಿಯವನನ್ನು ಒಂದು ಮಾತು ಕೇಳಿದರೆ ನಷ್ಟವಿಲ್ಲ.

ಅಲ್ಲಿಯವರೆಗೆ ಸದಸ್ಯರು ದಯವಿಟ್ಟು ಹಳೆಯ ಬ್ಯಾಟರಿಯ ಆಸಿಡ್ಡನ್ನು ಚೆಲ್ಲದೆ, ಮುಚ್ಚಳ ಬಿಗಿ ಮಾಡಿ, ನೆಟ್ಟಗೆ, ಮರದ ಹಲಗೆಯ ಮೇಲೆ, ಮಳೆನೀರು ಬೀಳದ ಕಡೆ ಇಡಬೇಕು. ದನಕರು, ಮಕ್ಕಳು ಹೋಗದ ಜಾಗ ಬೇಕು. ಅಡಿಕೆ, ಕಾಳುಮೆಣಸು ಇಡುವ ಕೋಣೆ ಖಂಡಿತ ಬೇಡ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಎಲೆಯಡಿಕೆ ಹಾಕುವುದು ಬೇಡ. ತಾಮ್ರ ತೆಗೆಯಲೆಂದು ತಂತಿಯನ್ನು ಗದ್ದೆಯ ಬದುವಿನಲ್ಲಿ ಸುಡುವವರಿದ್ದಾರೆ. ಆ ಕಪ್ಪು ಹೊಗೆ ಬಲು ಕೆಟ್ಟದ್ದು, ಸುಟ್ಟ ತಾಮ್ರಕ್ಕೆ ಬೆಲೆಯೂ ಕಡಿಮೆ. ಔಷಧಿ ಹೊಡೆಯುವ ಪಂಪಿನ ಅಥವಾ ಮೊಬೈಲಿನ ಲಿಥಿಯಂ ಬ್ಯಾಟರಿ ಊದಿಕೊಂಡಿದ್ದರೆ ಚುಚ್ಚಬಾರದು, ಚಾರ್ಜಿಗೆ ಹಾಕಬಾರದು. ಒಣ ಮರಳಿನ ಡಬ್ಬಿಯಲ್ಲಿ ಮನೆಯಿಂದ ಹೊರಗೆ ಪ್ರತ್ಯೇಕವಾಗಿಡಬೇಕು.

ಮಹಾಸಭೆಗೆ ಬರುವಾಗ ಪ್ರತಿಯೊಬ್ಬ ಸದಸ್ಯರೂ ತಮ್ಮಲ್ಲಿರುವ ಹಳೆಯ ಬ್ಯಾಟರಿಗಳ ಸಂಖ್ಯೆಯನ್ನೂ ಅಂದಾಜು ತೂಕವನ್ನೂ ಒಂದು ಚೀಟಿಯಲ್ಲಿ ಬರೆದು ತರಬೇಕಾಗಿ ವಿನಂತಿ. ಸಭೆಗೆ ಬರಲಾಗದವರು ಗೊಬ್ಬರ ಒಯ್ಯಲು ಬರುವವರ ಕೈಯಲ್ಲಿ ಕಳುಹಿಸಿದರೂ ಆದೀತು. ಒಂದು ಲಾರಿಗೆ ಸಾಲುತ್ತದೋ ಇಲ್ಲವೋ ಎಂಬುದು ಆ ಚೀಟಿಗಳನ್ನು ಕೂಡಿದ ಮೇಲೆಯೇ ಗೊತ್ತಾಗಬೇಕು.